ಕಿರುಚಿತ್ರ ಮಾಡಿ ನಾವು ಕಲಿತ ಪಾಠ

 

ಈ ಸಲದ ಗೋಡೆ ಪತ್ರಿಕೆಗೆ ‘ನಾನು ಮಾಡಿ ಕಲಿತದ್ದು’ ಎಂಬ ವಿಷಯದ ಮೇಲೆ ಬರೆಯಿರಿ ಎಂದು ಕನ್ನಡ ಟೀಚರ್ ಹೇಳಿದರು. ನಮ್ಮ ಏಳನೇ ತರಗತಿಯವರು ಜನವರಿ 26ರಂದು ಒಂದು ಕಿರುಚಿತ್ರ ತೋರಿಸಿದ್ದು ನಿಮಗೆಲ್ಲ ನೆನಪಿರಬಹುದು. ನೀವು ನೋಡಿದ್ದು ನಾಲ್ಕೇ ನಿಮಿಷ. ಅದರ ಹಿಂದೆ ಆರು ವಾರಗಳ ಕೆಲಸ ಇದೆ. ಒಂದು ದೊಡ್ಡ ತಪ್ಪೂ ಇದೆ. ಆ ತಪ್ಪು ಮಾಡಿದವನು ನಾನೇ. ಕಿರುಚಿತ್ರ ಮಾಡುವುದು ಹೇಗೆ, ಅದರಿಂದ ನಾವು ಏನು ಕಲಿತೆವು ಎಂಬುದನ್ನು ಇಲ್ಲಿ ತಿಳಿದಷ್ಟು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ನಮ್ಮ ಚಿತ್ರದಲ್ಲಿ ಇರುವ ಗೆಳೆಯನನ್ನು ಕೇಳಿಯೇ ಈ ಲೇಖನ ಬರೆದಿದ್ದೇನೆ. “ಬರಿ, ಆದ್ರೆ ಹೆಸರು ಹಾಕಬ್ಯಾಡ” ಅಂದ. ಹಾಕಿಲ್ಲ. ಊರಿಗೆಲ್ಲ ಗೊತ್ತಿದ್ದರೂ ಹಾಕಿಲ್ಲ.

ಸಿನಿಮಾ ಓಡುವುದು ಹೇಗೆ?

ಸಿನಿಮಾದಲ್ಲಿ ಚಿತ್ರ ಓಡುತ್ತದೆ ಅನ್ನುತ್ತೇವೆ. ನಿಜವಾಗಿ ಯಾವ ಚಿತ್ರವೂ ಓಡುವುದಿಲ್ಲ. ಅವೆಲ್ಲ ನಿಂತ ಫೋಟೋಗಳೇ. ಒಂದರ ಹಿಂದೆ ಒಂದು ಬೇಗ ಬೇಗ ಬರುವುದರಿಂದ ನಮ್ಮ ಕಣ್ಣು ಮತ್ತು ಮೆದುಳು ಅವನ್ನು ಸೇರಿಸಿಕೊಂಡು ‘ಓಡಿತು’ ಎಂದು ತಿಳಿಯುತ್ತವೆ. ಇದನ್ನು ನೀವೇ ಮಾಡಿ ನೋಡಬಹುದು. ಹಳೆಯ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಕಡ್ಡಿ ಮನುಷ್ಯನ ಚಿತ್ರ ಬರೆಯಿರಿ. ಒಂದೊಂದು ಹಾಳೆಯಲ್ಲೂ ಅವನ ಕಾಲನ್ನು ಸ್ವಲ್ಪ ಸ್ವಲ್ಪ ಮುಂದೆ ಇಡಿ. ಆಮೇಲೆ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಡಿ. ಅವನು ನಡೆಯುತ್ತಾನೆ!

ಥಿಯೇಟರಿನ ಸಿನಿಮಾದಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿಗೆ 24 ಚಿತ್ರಗಳು ಇರುತ್ತವೆ. ನಮ್ಮ ಮೊಬೈಲ್ ಫೋನಿನಲ್ಲಿ 30 ಇದ್ದವು. ಲೆಕ್ಕ ಹಾಕಿದರೆ ನಾಲ್ಕು ನಿಮಿಷಕ್ಕೆ 240 ಸೆಕೆಂಡ್, ಅಂದರೆ 7200 ಫೋಟೋ. ಇಷ್ಟು ಫೋಟೋ ನಮ್ಮ ಊರಿನ ಎಲ್ಲರ ಮದುವೆಯದ್ದು ಸೇರಿಸಿದರೂ ಆಗಲಿಕ್ಕಿಲ್ಲ.

ವಿಜ್ಞಾನದ ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ನಮ್ಮ ದೇಶದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ ‘ರಾಜಾ ಹರಿಶ್ಚಂದ್ರ’. ಅದು 1913ರಲ್ಲಿ ಬಂತು. ಮಾಡಿದವರು ದಾದಾಸಾಹೇಬ್ ಫಾಲ್ಕೆ. ಅದಕ್ಕೆ ಮೊದಲು 1912ರಲ್ಲಿ ಅವರು ಒಂದು ಪುಟ್ಟ ಚಿತ್ರ ಮಾಡಿದ್ದರು. ಅದರಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಇದ್ದದ್ದು ಒಂದು ಬಟಾಣಿ ಗಿಡ! ಕುಂಡದಲ್ಲಿ ಬಟಾಣಿ ಕಾಳು ಹಾಕಿ, ಅದು ಮೊಳೆತು ಬೆಳೆಯುವುದನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ದಿನಾ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆದರು. ತೋರಿಸಿದಾಗ ಗಿಡ ಕಣ್ಣ ಮುಂದೆಯೇ ಬೆಳೆದಂತೆ ಕಂಡಿತು. ಅದನ್ನು ನೋಡಿದ ಮೇಲೆ ಅವರಿಗೆ ಸಿನಿಮಾ ಮಾಡಲು ಹಣ ಸಿಕ್ಕಿತಂತೆ. ಅವರ ಹೆಂಡತಿ ಸರಸ್ವತಿಬಾಯಿಯವರೂ ಬಹಳ ನೆರವಾದರು. ಒಂದು ಕಾಳಿನಿಂದಲೂ ಸಿನಿಮಾ ಆಗುತ್ತದೆ ಎಂದು ಕೇಳಿ ನಮಗೂ ಧೈರ್ಯ ಬಂತು.

ಮೊದಲ ಕೆಲಸ: ಯೋಜನೆ

ನಾವು ಮೊದಲ ದಿನವೇ ಫೋನ್ ಹಿಡಿದು ಓಡಿಬಿಡೋಣ ಅಂದುಕೊಂಡಿದ್ದೆವು. ಮೇಷ್ಟ್ರು ಫೋನ್ ಕೊಡಲಿಲ್ಲ. ಗೆರೆ ಇಲ್ಲದ ಒಂದು ನೋಟ್‌ಬುಕ್ ಕೊಟ್ಟರು. “ಮೊದ್ಲು ಇದ್ರಲ್ಲಿ ಸಿನಿಮಾ ತೋರ್ಸಿ, ಆಮೇಲೆ ಫೋನು” ಅಂದರು.

ಕೆಲಸ ಹೀಗೆ ನಡೆಯಿತು.

ಒಂದು, ವಿಷಯ ಆರಿಸುವುದು. ನಮ್ಮ ವಿಷಯ ‘ಸಮಯಪಾಲನೆ’. ಒಬ್ಬ ಹುಡುಗ ದಿನಾ ಶಾಲೆಗೆ ತಡವಾಗಿ ಬರುತ್ತಾನೆ, ಕೊನೆಗೆ ಬುದ್ಧಿ ಕಲಿಯುತ್ತಾನೆ. ಇಷ್ಟೇ ಕಥೆ.

ಎರಡು, ಚಿತ್ರಕಥೆ ಬರೆಯುವುದು. ಕಥೆ ಬೇರೆ, ಚಿತ್ರಕಥೆ ಬೇರೆ. ಕಥೆಯಲ್ಲಿ ‘ಅವನಿಗೆ ಬಹಳ ದುಃಖವಾಯಿತು’ ಎಂದು ಬರೆಯಬಹುದು. ಚಿತ್ರಕಥೆಯಲ್ಲಿ ಹಾಗೆ ಬರೆದರೆ ಪ್ರಯೋಜನವಿಲ್ಲ. ದುಃಖವನ್ನು ಫೋಟೋ ತೆಗೆಯುವುದು ಹೇಗೆ? ‘ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದನು’ ಎಂದು ಬರೆಯಬೇಕು. ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಮಾತ್ರ ಬರೆಯಬೇಕು. ಇದು ನಮಗೆ ಬಹಳ ಕಷ್ಟವಾಯಿತು. ನಮ್ಮ ಮೊದಲ ಚಿತ್ರಕಥೆಯಲ್ಲಿ ಟೀಚರ್ ಹದಿನೇಳು ಕಡೆ ಕೆಂಪು ಗೆರೆ ಎಳೆದಿದ್ದರು.

ಮೂರು, ಚಿತ್ರ ಬರೆದು ನೋಡುವುದು. ಪ್ರತಿ ತುಣುಕಿಗೂ ಒಂದು ಚೌಕ ಹಾಕಿ, ಒಳಗೆ ಏನು ಕಾಣಬೇಕು ಎಂದು ಪೆನ್ಸಿಲ್ಲಿನಲ್ಲಿ ಬರೆದೆವು. ದೂರದಿಂದ ತೆಗೆದರೆ ಜಾಗ ಕಾಣುತ್ತದೆ. ಮಧ್ಯಮ ದೂರದಿಂದ ತೆಗೆದರೆ ಮನುಷ್ಯ ಏನು ಮಾಡುತ್ತಿದ್ದಾನೆ ಎಂದು ಕಾಣುತ್ತದೆ. ಹತ್ತಿರದಿಂದ ತೆಗೆದರೆ ಮುಖದ ಭಾವ ಕಾಣುತ್ತದೆ.

ನಾಲ್ಕು, ಪಟ್ಟಿ ಮಾಡುವುದು. ತುಣುಕಿನ ನಂಬರು, ಜಾಗ, ಬೇಕಾದ ಸಾಮಾನು, ಯಾರು ಇರಬೇಕು, ತೆಗೆದ ದಿನ. ಹೀಗೆ ಐದು ಕಾಲಂ. ‘ತೆಗೆದ ದಿನ’ ಎಂಬ ಕಾಲಂ ಏಕೆ ಬೇಕು ಎಂದು ನಾನು ಗೊಣಗಿದ್ದೆ. ಅದೇ ಕಾಲಂ ಆಮೇಲೆ ನನ್ನನ್ನು ಹಿಡಿದು ಹಾಕಿತು. ಅದನ್ನು ಮುಂದೆ ಹೇಳುತ್ತೇನೆ.

ಐದು, ಕೆಲಸ ಹಂಚುವುದು. ಒಬ್ಬರು ಫೋನ್ ಹಿಡಿಯುವವರು, ಒಬ್ಬರು ಸ್ಲೇಟಿನಲ್ಲಿ ನಂಬರು ಬರೆದು ತೋರಿಸುವವರು, ಇಬ್ಬರು ಬೆಳಕಿಗೆ, ಒಬ್ಬರು ಶಬ್ದಕ್ಕೆ, ಒಬ್ಬರು ಪಟ್ಟಿಗೆ. ನಾನು ಸಂಕಲನಕ್ಕೆ, ಅಂದರೆ ಎಡಿಟಿಂಗ್‌ಗೆ.

ಈಗ ತಡವಾಗಿ ಬರುವ ಹುಡುಗನ ಪಾತ್ರ ಯಾರು ಮಾಡಬೇಕು ಎಂಬ ಪ್ರಶ್ನೆ ಬಂತು. ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಅಲ್ಲಿ ನನ್ನ ಗೆಳೆಯ ಕೂತಿದ್ದ. ಅವನು ದಿನಾ ಪ್ರಾರ್ಥನೆ ಮುಗಿದ ಮೇಲೆಯೇ ಬರುತ್ತಿದ್ದ. ಗೇಟಿನ ಹೊರಗೆ ನಿಂತು, ಆಮೇಲೆ ಒಳಗೆ ಬರುತ್ತಿದ್ದ. “ಬೇರೆಯವ್ರು ಪಾರ್ಟ್ ಮಾಡೋದು ಯಾಕಲೇ, ಇವನೇ ಇದಾನಲ್ಲ!” ಅಂದೆ ನಾನು. ಎಲ್ಲರೂ ನಕ್ಕರು. ಅವನೂ ನಕ್ಕ. “ನಾನೇ ಹೀರೋ ಏನಲೇ?” ಅಂತ ಕೇಳಿದ. ಹೂಂ ಅಂದೆವು. ಕಥೆ ಪೂರ್ತಿ ಹೇಳಲಿಲ್ಲ.

ಎರಡನೇ ಕೆಲಸ: ಚಿತ್ರೀಕರಣ

ಚಿತ್ರೀಕರಣದಲ್ಲಿ ನಾವು ಮಾಡದ ತಪ್ಪಿಲ್ಲ. ಮುಂದಿನ ವರ್ಷ ಮಾಡುವ ಆರನೇ ತರಗತಿಯವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತೇನೆ.

ಬೆಳಕು: ಆಕಾಶದ ಕಡೆ ಫೋನ್ ತಿರುಗಿಸಿ ಮನುಷ್ಯನನ್ನು ತೆಗೆದರೆ ಮುಖ ಕಪ್ಪಗೆ ಬರುತ್ತದೆ. ಹಿಂದಿನ ಬೆಳಕು ಜಾಸ್ತಿ ಇರುವುದರಿಂದ ಫೋನು ಅದಕ್ಕೆ ತಕ್ಕಂತೆ ಎಲ್ಲವನ್ನೂ ಕತ್ತಲು ಮಾಡುತ್ತದೆ. ಸೂರ್ಯ ತೆಗೆಯುವವರ ಬೆನ್ನಿಗೋ ಪಕ್ಕಕ್ಕೋ ಇರಬೇಕು. ನಾವು ಒಂದು ಬಿಳಿ ಪಂಚೆಯನ್ನು ಇಬ್ಬರು ಹಿಡಿದು, ಬಿಸಿಲನ್ನು ಅದರಿಂದ ಮುಖದ ಮೇಲೆ ಬೀಳಿಸಿದೆವು. ಬೆಳಕಿನ ಪ್ರತಿಫಲನ ಎಂಬ ಪಾಠ ಅಂದು ಪೂರ್ತಿ ಅರ್ಥವಾಯಿತು.

ಅಲುಗಾಟ: ಕೈಯಲ್ಲಿ ಹಿಡಿದರೆ ಚಿತ್ರ ನಡುಗುತ್ತದೆ. ನಾಲ್ಕು ಇಟ್ಟಿಗೆ ಪೇರಿಸಿ, ಎರಡು ಇಟ್ಟಿಗೆ ಮಧ್ಯೆ ಫೋನ್ ಸಿಕ್ಕಿಸಿದೆವು. ಬಟ್ಟೆ ಒಣಗಿಸುವ ಕ್ಲಿಪ್ಪೂ ಬೇಕಾಯಿತು. ಹುಡುಗ ನಡೆಯುವಾಗ ಜೊತೆಗೇ ಹೋಗಬೇಕಾದರೆ, ಸೈಕಲ್ ಕ್ಯಾರಿಯರ್ ಮೇಲೆ ಒಬ್ಬ ಕೂತು ತೆಗೆಯಬೇಕು. ಇನ್ನೊಬ್ಬ ಸೈಕಲನ್ನು ನಿಧಾನವಾಗಿ ತಳ್ಳಬೇಕು.

ದಿಕ್ಕು: ಇದು ಬಹಳ ಮುಖ್ಯ. ಹುಡುಗ ಮನೆಯಿಂದ ಶಾಲೆಗೆ ಹೋಗುವಾಗ ಒಂದು ತುಣುಕಿನಲ್ಲಿ ಎಡದಿಂದ ಬಲಕ್ಕೆ ನಡೆದ. ಮುಂದಿನ ತುಣುಕನ್ನು ನಾವು ರಸ್ತೆಯ ಆ ಕಡೆ ನಿಂತು ತೆಗೆದೆವು. ಅದರಲ್ಲಿ ಬಲದಿಂದ ಎಡಕ್ಕೆ ನಡೆದ. ಎರಡನ್ನೂ ಸೇರಿಸಿದಾಗ ಅವನು ಏನೋ ಮರೆತು ಮನೆಗೆ ವಾಪಸ್ ಹೊರಟಂತೆ ಕಂಡಿತು! ಒಂದೇ ಕಡೆ ನಿಂತು ತೆಗೆಯಬೇಕು ಎಂದು ಕಲಿತೆವು.

ಹೊಂದಾಣಿಕೆ: ಬಾಗಿಲು ದಾಟುವ ಮೊದಲು ಬಲಗೈಯಲ್ಲಿದ್ದ ಚೀಲ ದಾಟಿದ ಮೇಲೆ ಎಡಗೈಯಲ್ಲಿತ್ತು. ಅದಕ್ಕೇ ಪಟ್ಟಿ ಬರೆಯುವವರು ಬಟ್ಟೆ, ಚೀಲ, ಕೂದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು.

ಶಬ್ದ: ಫೋನು ದೂರ ಇದ್ದರೆ ಮಾತು ಕೇಳುವುದಿಲ್ಲ. ಗಾಳಿ ಬೀಸಿದರೆ ಬರೀ ಬುಸ್ ಎಂಬ ಸದ್ದು. ಹಿಟ್ಟಿನ ಗಿರಣಿ ಹತ್ತಿರ ತೆಗೆದ ಮೂರು ತುಣುಕು ಹಾಳಾದವು. ಆಮೇಲೆ ಇನ್ನೊಂದು ಫೋನನ್ನು ಮಾತಾಡುವವನ ಅಂಗಿ ಜೇಬಿನಲ್ಲಿ ಇಟ್ಟು ಶಬ್ದ ಹಿಡಿದೆವು. ಶುರುವಿನಲ್ಲಿ ಒಬ್ಬರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಬೇಕು. ಚಿತ್ರದಲ್ಲಿ ಕೈ ಕೂಡಿದ ಕ್ಷಣವನ್ನೂ ಶಬ್ದದ ‘ಟಪ್’ ಅನ್ನೂ ಒಂದೇ ಕಡೆ ಹೊಂದಿಸಿದರೆ ಮಾತು ಮತ್ತು ತುಟಿ ಸರಿಯಾಗುತ್ತವೆ. ಸಿನಿಮಾದವರು ಕ್ಲ್ಯಾಪ್ ಬೋರ್ಡ್ ತಟ್ಟುವುದೂ ಇದಕ್ಕೇ. ‘ರಾಜಾ ಹರಿಶ್ಚಂದ್ರ’ದಲ್ಲಿ ಈ ತೊಂದರೆಯೇ ಇರಲಿಲ್ಲ, ಏಕೆಂದರೆ ಅದು ಮೂಕಿ ಚಿತ್ರ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ.

ಇನ್ನೊಂದು ಮಾತು. ತೆಗೆಯುವ ಮೊದಲು ಫೋನಿಗೆ ಕರೆ ಬಾರದಂತೆ ಮಾಡಿಕೊಳ್ಳಿ. ನಮ್ಮ ಅತಿ ಚೆನ್ನಾದ ತುಣುಕಿನ ಮಧ್ಯೆ ಮೇಷ್ಟ್ರ ಮನೆಯಿಂದ ತರಕಾರಿ ತರಲು ಫೋನ್ ಬಂತು.

ಕೊನೆಗೆ ಎಲ್ಲ ಸೇರಿ 52 ನಿಮಿಷದಷ್ಟು ತೆಗೆದಿದ್ದೆವು. ಬೇಕಾಗಿದ್ದದ್ದು ನಾಲ್ಕು ನಿಮಿಷ. ಅಂದರೆ ಹದಿಮೂರರಲ್ಲಿ ಒಂದು ಪಾಲು.

ಮೂರನೇ ಕೆಲಸ: ಸಂಕಲನ

ತೆಗೆದ ತುಣುಕುಗಳಲ್ಲಿ ಬೇಕಾದದ್ದನ್ನು ಆರಿಸಿ, ಕತ್ತರಿಸಿ, ಒಂದರ ಮುಂದೆ ಒಂದು ಜೋಡಿಸುವುದೇ ಸಂಕಲನ. ಹಿಂದೆ ಫಿಲಂ ಸುರುಳಿಯನ್ನು ನಿಜವಾಗಿಯೂ ಕತ್ತರಿಸಿ ಅಂಟಿಸುತ್ತಿದ್ದರು. ಈಗ ಫೋನಿನಲ್ಲೇ ಬೆರಳಿನಿಂದ ಆಗುತ್ತದೆ.

ಸಂಕಲನಕ್ಕೆ ಎಂಥ ಶಕ್ತಿ ಇದೆ ಎಂದು ತೋರಿಸಲು ಮೇಷ್ಟ್ರು ರಷ್ಯಾ ದೇಶದ ಲೆವ್ ಕುಲೆಶೋವ್ ಎಂಬುವರ ಪ್ರಯೋಗ ಹೇಳಿದರು. ಸುಮಾರು 1920ರ ಹೊತ್ತಿಗೆ ನಡೆದದ್ದು. ಅವರು ಒಬ್ಬ ನಟನ ಮುಖದ ಒಂದು ತುಣುಕು ತೆಗೆದುಕೊಂಡರು. ಆ ಮುಖದಲ್ಲಿ ಅಳುವೂ ಇಲ್ಲ, ನಗುವೂ ಇಲ್ಲ. ಅದರ ಮುಂದೆ ಒಮ್ಮೆ ಸೂಪಿನ ಬಟ್ಟಲು ಜೋಡಿಸಿದರು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಮಗು, ಒಮ್ಮೆ ಒಬ್ಬ ಹೆಂಗಸು. ನೋಡಿದವರು ‘ಆಹಾ, ಹಸಿವನ್ನು ಎಷ್ಟು ಚೆನ್ನಾಗಿ ತೋರಿಸಿದ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ’ ಎಂದು ಹೊಗಳಿದರಂತೆ. ಆದರೆ ಮುಖ ಒಂದೇ!

ನಾವೂ ಮಾಡಿ ನೋಡಿದೆವು. ನಮ್ಮ ತರಗತಿಯ ಒಬ್ಬಳು ಸುಮ್ಮನೆ ನೋಡುತ್ತಿರುವ ಮುಖ ತೆಗೆದೆವು. ಅದರ ಮುಂದೆ ಮಂಡಕ್ಕಿ ಮೆಣಸಿನಕಾಯಿ ತಟ್ಟೆ ಹಾಕಿ ಐದನೇ ತರಗತಿಯವರಿಗೆ ತೋರಿಸಿದೆವು. “ಅಕ್ಕಂಗೆ ಹಸಿವು” ಅಂದರು. ಕೆಂಪು ಶಾಯಿಯ ಉತ್ತರ ಪತ್ರಿಕೆ ಹಾಕಿದೆವು. “ಅಕ್ಕ ಫೇಲು, ಹೆದ್ರಿಕೊಂಡಾಳೆ” ಅಂದರು. ತೊಟ್ಟಿಲ ಪಾಪು ಹಾಕಿದೆವು. “ಅಕ್ಕಂಗೆ ಪಾಪು ಅಂದ್ರೆ ಇಷ್ಟ” ಅಂದರು. ಪಾಪ, ಅಕ್ಕ ಆ ಹೊತ್ತಿನಲ್ಲಿ ಗೋಡೆ ನೋಡುತ್ತಿದ್ದಳು ಅಷ್ಟೇ.

ನಮ್ಮ ಕಡೆಯ ಉದಾಹರಣೆ ಕೊಡುವುದಾದರೆ, ಕೂಡಲಿಯಲ್ಲಿ ತುಂಗಾ ನದಿಯೂ ಭದ್ರಾ ನದಿಯೂ ಕೂಡುತ್ತವೆ. ಅಲ್ಲಿಂದ ಹೊನ್ನಾಳಿಗೆ ಬರುವ ನೀರನ್ನು ಯಾರೂ ತುಂಗಾ ಅನ್ನುವುದಿಲ್ಲ, ಭದ್ರಾ ಅನ್ನುವುದಿಲ್ಲ, ತುಂಗಭದ್ರಾ ಅನ್ನುತ್ತೇವೆ. ಹಾಗೆಯೇ ಎರಡು ತುಣುಕು ಕೂಡಿದರೆ ಎರಡರಲ್ಲೂ ಇಲ್ಲದ ಮೂರನೆಯ ಅರ್ಥ ಹುಟ್ಟುತ್ತದೆ. ಇದನ್ನು ಕಲಿತು ನನಗೆ ಬಹಳ ಖುಷಿಯಾಯಿತು. ಕೈಗೆ ಮಂತ್ರದಂಡ ಸಿಕ್ಕ ಹಾಗಾಯಿತು. ಆ ಖುಷಿಯಲ್ಲೇ ತಪ್ಪು ಮಾಡಿದೆ.

ನಾನು ಮಾಡಿದ ತಪ್ಪು

ನಾನು ಹೀಗೆ ಜೋಡಿಸಿದೆ. ಮೊದಲು ಶಾಲೆಯ ಗಂಟೆ ಹೊಡೆಯುತ್ತದೆ. ಎಲ್ಲರೂ ಸಾಲಾಗಿ ಪ್ರಾರ್ಥನೆಗೆ ನಿಲ್ಲುತ್ತಾರೆ. ಆಮೇಲೆ ನನ್ನ ಗೆಳೆಯ ಚಾನಲ್ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುತ್ತಾನೆ. ನಗುತ್ತಾನೆ. ಆಮೇಲೆ ಪ್ರಾರ್ಥನೆ ಮುಗಿಯುತ್ತದೆ. ಅವನು ಓಡೋಡಿ ಬಂದು ಗೇಟಿನ ಹತ್ತಿರ ತಲೆ ತಗ್ಗಿಸಿ ನಿಲ್ಲುತ್ತಾನೆ. ಇದಕ್ಕೆ ನಗು ಬರುವಂಥ ಒಂದು ‘ಟೊಂಯ್’ ಶಬ್ದವನ್ನೂ ಹಾಕಿದೆ.

ಶನಿವಾರ ತರಗತಿಯಲ್ಲಿ ತೋರಿಸಿದೆವು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹೆಮ್ಮೆಯಿಂದ ಹಿಂದಿನ ಬೆಂಚಿನ ಕಡೆ ನೋಡಿದೆ. ಅವನು ನಗುತ್ತಿರಲಿಲ್ಲ.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡೆ. ಮೇಷ್ಟ್ರು ನನ್ನನ್ನು ಕರೆದು ಪಟ್ಟಿಯ ನೋಟ್‌ಬುಕ್ ತರಲು ಹೇಳಿದರು.

“ಗಂಟೆ ಹೊಡೆಯೋ ತುಣುಕು ಯಾವತ್ತು ತೆಗ್ದಿದ್ದು?”

“ಸೋಮವಾರ ಬೆಳಗ್ಗೆ ಸರ್.”

“ಚಾನಲ್‌ದು?”

ನಾನು ಕಾಲಂ ನೋಡಿದೆ. ನನ್ನ ಬಾಯಿ ಒಣಗಿತು. “ಭಾನುವಾರ ಸಾಯಂಕಾಲ ಸರ್.”

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಇವತ್ತು ಅವ್ರ ಮನೆಗೆ ಹೋಗಿ ಬರೋಣ ನಡಿ” ಅಂದರು ಅಷ್ಟೇ.

ಇನ್ನೂ ಒಂದು ವಿಷಯ ಹೇಳಬೇಕು. ಆ ಭಾನುವಾರ ಅವನು ಚಾನಲ್‌ಗೆ ಆಟಕ್ಕೆ ಬಂದಿರಲಿಲ್ಲ. ಅವರ ಚಿಕ್ಕಪ್ಪನ ಜೊತೆ ಎಮ್ಮೆಯ ಮೈ ತೊಳೆಯಲು ಬಂದಿದ್ದ. ತೊಳೆದಾದ ಮೇಲೆ ನಾಲ್ಕು ಕಲ್ಲು ಎಸೆದ. ಎಮ್ಮೆ ಪಕ್ಕದಲ್ಲೇ ನಿಂತಿತ್ತು. ಚಿತ್ರ ಕೆಡುತ್ತದೆ ಅಂತ ಎಮ್ಮೆ ಕಾಣದಂತೆ ಫೋನನ್ನು ಪಕ್ಕಕ್ಕೆ ತಿರುಗಿಸಿದವನೂ ನಾನೇ. ಅಂದರೆ ಚೌಕದೊಳಗೆ ಏನು ಬರಬೇಕು ಎಂಬಲ್ಲಿ ಒಂದು ಸುಳ್ಳು, ಯಾವ ತುಣುಕಿನ ಮುಂದೆ ಯಾವ ತುಣುಕು ಎಂಬಲ್ಲಿ ಇನ್ನೊಂದು ಸುಳ್ಳು. ಒಂದೊಂದು ತುಣುಕೂ ನಿಜವೇ. ಕೂಡಿಸಿದ್ದು ಸುಳ್ಳು.

ಅವರ ಮನೆಯಲ್ಲಿ

ನಾವು ಹೋದಾಗ ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಅವನ ಅಪ್ಪ ಕಾಫಿ ಸೀಮೆಗೆ ಹಣ್ಣು ಬಿಡಿಸುವ ಕೆಲಸಕ್ಕೆ ಹೋಗಿದ್ದಾರೆ. ಬೇಸಿಗೆಗೆ ಬರುತ್ತಾರೆ. ಅವ್ವ ಬೆಳಗ್ಗೆ ಹಾಲು ಕರೆದಿಟ್ಟು ಏಳು ಗಂಟೆಗೆ ಅಡಿಕೆ ಸುಲಿಯಲು ಹೋಗುತ್ತಾರೆ. ಆಮೇಲೆ ಮನೆಯಲ್ಲಿ ಅವನು ಮತ್ತು ಮೂರು ವರ್ಷದ ತಂಗಿ. ಅವನು ಡೈರಿಗೆ ಹಾಲು ಹಾಕಬೇಕು, ಟ್ಯಾಂಕಿನ ನಲ್ಲಿಯಿಂದ ಆರು ಕೊಡ ನೀರು ತರಬೇಕು, ತಂಗಿಗೆ ತಿನ್ನಿಸಿ ಜಡೆ ಹಾಕಬೇಕು, ಅಂಗನವಾಡಿಗೆ ಬಿಡಬೇಕು. ಅಂಗನವಾಡಿ ಒಂಬತ್ತೂವರೆಗೆ ಬಾಗಿಲು ತೆಗೆಯುತ್ತದೆ. ನಮ್ಮ ಪ್ರಾರ್ಥನೆಯೂ ಒಂಬತ್ತೂವರೆಗೇ. ಅಂಗನವಾಡಿ ಊರಿನ ಆ ತುದಿ, ಶಾಲೆ ಈ ತುದಿ. ನೀವೇ ಲೆಕ್ಕ ಹಾಕಿ.

ಅವನು ಮೇಷ್ಟ್ರ ಮುಂದೆ ಏನೂ ಹೇಳಲಿಲ್ಲ. ನಾನು ಹಿತ್ತಿಲಿಗೆ ಹೋದಾಗ ಹೇಳಿದ. “ನಾನು ಆಟ ಆಡ್ತಾ ತಡ ಮಾಡ್ತೀನಿ ಅಂತ ತೋರ್ಸಿದೀಯಲ್ಲಲೇ. ನಮ್ಮವ್ವ ಜನವರಿ ಇಪ್ಪತ್ತಾರಕ್ಕೆ ನೋಡಾಕೆ ಬರ್ತೀನಿ ಅಂದಾಳೆ. ಅವ್ಳು ನೋಡಿ ಏನ್ ಅನ್ಕೊತಾಳೆ?”

ನಾನು ಏಳನೇ ತರಗತಿಯವರೆಗೆ ಅವನ ಜೊತೆಯೇ ಓದಿದ್ದೇನೆ. ಏಕೆ ತಡ ಎಂದು ಒಂದು ದಿನವೂ ಕೇಳಿರಲಿಲ್ಲ.

ಕಥಾಚಿತ್ರ ಮತ್ತು ಸಾಕ್ಷ್ಯಚಿತ್ರ

ವಾಪಸ್ ಬರುವಾಗ ನಾನು ಮೇಷ್ಟ್ರನ್ನು ಕೇಳಿದೆ. “ಸರ್, ಸಿನಿಮಾದಲ್ಲಿ ಎಲ್ಲರೂ ಹಿಂಗೇ ಬೇರೆ ಬೇರೆ ದಿನದ್ದು ಸೇರಿಸ್ತಾರಲ್ಲ? ಅದೂ ಸುಳ್ಳೇನು?”

ಮೇಷ್ಟ್ರು ವಿವರಿಸಿದರು. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿ ಮಾಡಿದರು. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂತು. ಮಾಲ್ಗುಡಿ ಎಂಬ ಊರು ಎಲ್ಲಿಯೂ ಇಲ್ಲ, ಅದು ಲೇಖಕರು ಕಲ್ಪಿಸಿದ ಊರು. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯ ಬೀದಿಗಳಲ್ಲಿ ಚಿತ್ರೀಕರಿಸಿ ಅದನ್ನೇ ಮಾಲ್ಗುಡಿ ಅಂದರು. ಅದು ಸುಳ್ಳಲ್ಲ. ಏಕೆಂದರೆ ಅದು ಕಥೆ ಎಂದು ಮಾಡಿದವರಿಗೂ ಗೊತ್ತು, ನಟಿಸಿದವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದರಿಂದ ಯಾರಿಗೂ ಕೆಟ್ಟ ಹೆಸರು ಬರುವುದಿಲ್ಲ. ಇದು ಕಥಾಚಿತ್ರ.

2015ರಲ್ಲಿ ರಾಮ್ ರೆಡ್ಡಿ ಎಂಬುವರು ‘ತಿಥಿ’ ಎಂಬ ಕನ್ನಡ ಚಿತ್ರ ಮಾಡಿದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದಲ್ಲಿ ಚಿತ್ರೀಕರಣವಾಯಿತು. ಅದರಲ್ಲಿ ಹೆಸರಾಂತ ನಟರಿಲ್ಲ, ಆ ಸೀಮೆಯ ಹಳ್ಳಿಯವರೇ ಅಭಿನಯಿಸಿದ್ದಾರೆ. ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಅಲ್ಲಿಯೂ ಹಳ್ಳಿಯವರು ಬೇರೆ ಪಾತ್ರವಾಗಿ ಅಭಿನಯಿಸಿದರು.

ಆದರೆ ನಿಜವಾದ ಮನುಷ್ಯನನ್ನು ಅವನ ಹೆಸರಿನಲ್ಲೇ, ಅವನ ಊರಿನಲ್ಲೇ ತೋರಿಸಿದರೆ ಅದು ಸಾಕ್ಷ್ಯಚಿತ್ರದ ಹಾಗೆ. ಸಾಕ್ಷಿ ಹೇಳುವವನು ಕೋರ್ಟಿನಲ್ಲಿ ಸುಳ್ಳು ಹೇಳಬಹುದೇ? ಹೇಳಬಾರದು. ನಾವು ಮಾಡಿದ್ದು ಅರ್ಧ ಕಥೆ, ಅರ್ಧ ಸಾಕ್ಷಿ. ನೋಡಿದವರು ಪೂರ್ತಿ ಸಾಕ್ಷಿ ಅಂದುಕೊಂಡರು. ಅದೇ ಎಡವಟ್ಟು ಆಯಿತು.

ಜಪಾನಿನ ಅಕಿರ ಕುರೋಸಾವಾ ಎಂಬ ದೊಡ್ಡ ನಿರ್ದೇಶಕರು 1950ರಲ್ಲಿ ‘ರಾಶೋಮನ್’ ಎಂಬ ಚಿತ್ರ ಮಾಡಿದರಂತೆ. ಅದರಲ್ಲಿ ಒಂದೇ ಘಟನೆಯನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿ ಹೇಳುತ್ತಾರೆ. ಒಬ್ಬರ ಮಾತು ಕೇಳಿ ತೀರ್ಮಾನ ಮಾಡಬಾರದು ಎಂದು ಆ ಚಿತ್ರ ನೋಡಿದರೆ ತಿಳಿಯುತ್ತದೆ ಅಂತ ಮೇಷ್ಟ್ರು ಹೇಳಿದರು. ನಾನು ಗೆಳೆಯನ ಕಡೆಯ ಮಾತನ್ನು ಕೇಳಿಯೇ ಇರಲಿಲ್ಲ.

ಎರಡನೇ ಸಲ ಮಾಡಿದ ಚಿತ್ರ

ಮತ್ತೆ ಹೊಸದಾಗಿ ಯೋಜನೆ ಹಾಕಿದೆವು. ಈ ಸಲ ಚಿತ್ರಕಥೆ ಬರೆಯುವಾಗ ಅವನೂ ಕೂತ. ಅವನ ಅವ್ವನ ಒಪ್ಪಿಗೆ ಕೇಳಿದೆವು. ನಾವು ಮೂವರು ಬೆಳಗ್ಗೆ ಐದೂವರೆಗೆ ಎದ್ದು ಅವನ ಹಿಂದೆ ಹೋದೆವು. ಚಳಿಗೆ ನನ್ನ ಕೈ ಮರಗಟ್ಟಿತ್ತು. ಅವನು ದಿನಾ ಅದೇ ಚಳಿಯಲ್ಲಿ ಏಳುತ್ತಾನೆ.

ಹಾಲಿನ ಕ್ಯಾನ್ ಹಿಡಿದು ನಡೆಯುವ ಅವನ ಕೈಯನ್ನು ಹತ್ತಿರದಿಂದ ತೆಗೆದೆವು. ತಂಗಿಯ ಜಡೆಗೆ ರಿಬ್ಬನ್ ಕಟ್ಟುವುದನ್ನು ತೆಗೆದೆವು. ಅಂಗನವಾಡಿಯ ಮುಚ್ಚಿದ ಬಾಗಿಲ ಮುಂದೆ ಇಬ್ಬರೂ ಕೂತು ಕಾಯುವುದನ್ನು ದೂರದಿಂದ ತೆಗೆದೆವು. ಆ ಹೊತ್ತಿಗೆ ಊರಿನ ಈ ತುದಿಯಿಂದ ನಮ್ಮ ಶಾಲೆಯ ಗಂಟೆ ಕೇಳಿಸಿತು. ಅದು ನಾವು ಹಾಕಿದ ಶಬ್ದವಲ್ಲ. ನಿಜವಾಗಿ ಅಲ್ಲಿಗೆ ಕೇಳಿಸಿದ ಗಂಟೆಯೇ.

ಸಂಕಲನಕ್ಕೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಅವನು ಎರಡು ಮಾತು ಹೇಳಿದ. ಒಂದು, “ಒಂದಿನ ನಾನು ಗದ್ದೆಯಾಗೆ ಟ್ರ್ಯಾಕ್ಟರ್ ನೋಡ್ತಾ ನಿಂತು ತಡ ಮಾಡೀನಿ. ಅದನ್ನೂ ಹಾಕು. ಇಲ್ಲಾಂದ್ರೆ ನನ್ನ ಭಾಳ ಒಳ್ಳೇನು ಮಾಡಿದಂಗಾಗ್ತೈತೆ.” ಹಾಕಿದೆ. ಎರಡು, ಅಡುಗೆ ಮನೆಯಲ್ಲಿ ಅವನ ಅವ್ವ ಹಳೆಯ ಸೀರೆ ಉಟ್ಟು ಒಲೆ ಊದುವ ತುಣುಕು ಬೇಡ ಅಂದ. ಅವ್ವನೇ ಬೇಡ ಅಂದಿದ್ದರಂತೆ. ಆ ತುಣುಕಿನಲ್ಲಿ ಬೆಳಕು ಬಹಳ ಚೆನ್ನಾಗಿ ಬಂದಿತ್ತು. ತೆಗೆಯಲು ನನಗೆ ಮನಸ್ಸೇ ಇರಲಿಲ್ಲ. ಆದರೂ ತೆಗೆದು ಹಾಕಿದೆ. ಅದು ಅವರ ಮನೆ, ಅವರ ಅಡುಗೆ ಮನೆ.

ಚಾನಲ್ ತುಣುಕನ್ನು ಕೊನೆಯಲ್ಲಿ ಹಾಕಿದೆವು, ‘ಭಾನುವಾರ ಸಾಯಂಕಾಲ’ ಎಂದು ಕೆಳಗೆ ಬರೆದು. ಈ ಸಲ ಹೊಸದಾಗಿ ತೆಗೆದದ್ದು, ಎಮ್ಮೆಯೂ ಇತ್ತು. ಒಟ್ಟು 30 ತುಣುಕು, ನಾಲ್ಕು ನಿಮಿಷ. ಸರಾಸರಿ ಒಂದು ತುಣುಕಿಗೆ 8 ಸೆಕೆಂಡ್.

ಜನವರಿ 26ರಂದು ನೀವೆಲ್ಲ ನೋಡಿದಿರಿ. ಅಂದು ಯಾರೂ ನಗಲಿಲ್ಲ, ಎಮ್ಮೆ ಬಂದಾಗ ಮಾತ್ರ ನಕ್ಕಿರಿ. ಅವನ ಅವ್ವ ಹಿಂದಿನ ಸಾಲಿನಲ್ಲಿ ನಿಂತು ನೋಡಿದರು. ಆಮೇಲೆ ನನಗೆ ಹೇಳಿದರು: “ನಾನು ಅವ್ನು ಏಳೋಕ್ ಮುಂಚೆ ಹಾಲು ಕರೀತೀನಿ, ಅವ್ನು ಕ್ಯಾನ್ ತಗೊಂಡ್ ಹೋಗೋ ಹೊತ್ತಿಗೆ ಒಲೆ ಮುಂದೆ ಇರ್ತೀನಿ. ನನ್ ಮಗ ಹಾಲು ಚೆಲ್ಲದಂಗೆ ಹೆಂಗೆ ನಡೀತಾನೆ ಅಂತ ಇವತ್ತೇ ನೋಡಿದ್ದಪ್ಪಾ.”

ಅಂಗನವಾಡಿ ಸಹಾಯಕಿ ಅಜ್ಜಿಯೂ ನೋಡಿದರು. “ನಾನು ಒಂಬತ್ತಕ್ಕೇ ಬಂದು ಹಿಂದಿನ ಬಾಗ್ಲಿಂದ ಹೋಗಿ ಕಸ ಗುಡಿಸ್ತೀನಲ್ಲೋ. ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ಲೇನೋ? ನಾಳಿಂದ ಮಗೀನ ಒಂಬತ್ತಕ್ಕೇ ಕರ್ಕೊಂಡ್ ಬಾ” ಅಂದರು. ಈಗ ಅವನು ಹೆಚ್ಚಿನ ದಿನ ಪ್ರಾರ್ಥನೆಗೆ ಸಿಗುತ್ತಾನೆ. ಡೈರಿಯಲ್ಲಿ ಸಾಲು ಉದ್ದ ಇದ್ದ ದಿನ ಈಗಲೂ ತಡವಾಗುತ್ತದೆ. ಆದರೆ ಈಗ ಅವನನ್ನು ಗೇಟಿನ ಹೊರಗೆ ನಿಲ್ಲಿಸುವುದಿಲ್ಲ.

ಒಟ್ಟಿನಲ್ಲಿ ಕಲಿತದ್ದು

ಬೆಳಕು, ಶಬ್ದ, ದೃಷ್ಟಿ ಇವು ವಿಜ್ಞಾನದ ಪಾಠ. ಸೆಕೆಂಡು, ಸರಾಸರಿ, ಭಾಗ ಇವು ಗಣಿತ. ಕಾಣುವಂತೆ ಬರೆಯುವುದು ಕನ್ನಡ. ಕೆಲಸ ಹಂಚಿಕೊಂಡು, ಒಬ್ಬರಿಗೊಬ್ಬರು ಕಾದು ಮಾಡುವುದು ಎಲ್ಲ ಪಾಠಕ್ಕೂ ಬೇಕಾದದ್ದು.

ಸಿನಿಮಾ ನೋಡುವುದನ್ನೂ ಕಲಿತೆವು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಎಂಬ ಸಂಸ್ಥೆ 1949ರಲ್ಲಿ ಹುಟ್ಟಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಟಕದ ಜೊತೆಗೆ ಅವರು ಒಂದು ಚಿತ್ರ ಸಮಾಜವನ್ನೂ ನಡೆಸಿ, ದೇಶ ವಿದೇಶದ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯ ಜನರಿಗೆ ತೋರಿಸಿದರು. ಸಿನಿಮಾವನ್ನು ಹೇಗೆ ನೋಡಬೇಕು ಎಂದು ಶಿಬಿರಗಳನ್ನೂ ಮಾಡಿದರು. ಸಿನಿಮಾ ನೋಡಲೂ ಕಲಿಯಬೇಕೇ ಎಂದು ನಾನು ಮೊದಲು ನಕ್ಕಿದ್ದೆ. ಈಗ ನಗುವುದಿಲ್ಲ. ಮೊಬೈಲಿನಲ್ಲಿ ಯಾರದಾದರೂ ವಿಡಿಯೋ ಬಂದರೆ ಈಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ತೆಗೆದದ್ದು ಯಾವಾಗ? ಇದರ ಹಿಂದೆ ಮುಂದೆ ಏನಿತ್ತು? ಚೌಕದ ಹೊರಗೆ ಎಮ್ಮೆ ಇತ್ತೋ?

ನಮ್ಮಲ್ಲಿ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇದೆ. ಇದನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅರ್ಥ ಆದದ್ದು ಈಗ.

ಮುಂದಿನ ವರ್ಷ ಕಿರುಚಿತ್ರ ಮಾಡುವವರಿಗೆ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ ಐದು ಕಾಲಂ ಜೊತೆಗೆ ಆರನೆಯದೊಂದು ಹಾಕಿಕೊಳ್ಳಿ: ‘ಕೇಳಿದೆವೇ?’ ನಮ್ಮ ನೋಟ್‌ಬುಕ್ ಮೇಷ್ಟ್ರ ಕಪಾಟಿನಲ್ಲಿದೆ, ಬೇಕಾದವರು ನೋಡಬಹುದು. ಇಟ್ಟಿಗೆಗಳು ಶಾಲೆಯ ಹಿಂದೆ ಇವೆ.



— ಏಳನೇ ತರಗತಿಯ ವಿದ್ಯಾರ್ಥಿ